ಮನೆಯ ಪ್ರಾರ್ಥನಾ ಕೂಟವನ್ನು ನಿಲ್ಲಿಸಲು ಸಭಾಪಾಲಕರು ಹೇಳಿದ್ದಾರೆ: ಇಲ್ಲಿ ವಿಧೇಯತೆ ಎಂದರೆ ಏನು?

ಪ್ರಶ್ನೆ: ಬೀದರಿನ ಸಭಾ ಸದಸ್ಯ

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು. ನಾನು ಬೀದರಿನವನು, ವಯಸ್ಸು 34, ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ನಮ್ಮ ಮುತ್ಯಾನ ಕಾಲದಿಂದ ನಮ್ಮ ಮನೆತನ ಒಂದೇ ಸಭೆಯಲ್ಲಿದೆ. ನನ್ನ ದೀಕ್ಷಾಸ್ನಾನ, ದೃಢೀಕರಣ, ಮದುವೆ ಎಲ್ಲವೂ ಅಲ್ಲಿಯೇ ಆದವು. ಸಭೆಯ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ಯಾರ ಮೇಲೂ ದೂರು ಹೊರಿಸುವುದು ನನ್ನ ಉದ್ದೇಶವಲ್ಲ. ದೇವರ ಮುಂದೆ ನಾನು ಮಾಡಬೇಕಾದದ್ದು ಯಾವುದು ಎಂಬುದು ತಿಳಿಯದೆ ಕೇಳುತ್ತಿದ್ದೇನೆ.

ಆರು ವರ್ಷಗಳ ಹಿಂದೆ ನಮ್ಮ ಓಣಿಯ ಒಬ್ಬ ವೃದ್ಧೆ ಬಿದ್ದು ಸೊಂಟ ಮುರಿದುಕೊಂಡರು. ಚರ್ಚು ಅವರ ಮನೆಯಿಂದ ಎರಡೂವರೆ ಕಿಲೋಮೀಟರ್ ದೂರ. ಆಟೋ ಹತ್ತಿ ಇಳಿಯಲು ಅವರಿಂದ ಆಗುವುದಿಲ್ಲ. ಒಂದು ಗುರುವಾರ ಸಂಜೆ ಅವರ ಮನೆಗೆ ಹೋಗಿ ಒಂದು ಕೀರ್ತನೆ ಓದಿ ಪ್ರಾರ್ಥನೆ ಮಾಡಿ ಬಂದೆ. ಮುಂದಿನ ವಾರ ಪಕ್ಕದ ಮನೆಯವರಿಬ್ಬರು ಬಂದು ಕುಳಿತರು. ಹೀಗೆ ಬೆಳೆದು ಈಗ ಹನ್ನೊಂದು ಜನ ಸೇರುತ್ತಾರೆ. ಅವರಲ್ಲಿ ಒಂಬತ್ತು ಮಂದಿ ಅರವತ್ತೈದು ದಾಟಿದ ಹೆಣ್ಣುಮಕ್ಕಳು. ಕೆಲವರಿಗೆ ಕನ್ನಡ, ಕೆಲವರಿಗೆ ತೆಲುಗು, ಇಬ್ಬರಿಗೆ ಮರಾಠಿ ಹಾಡುಗಳು ಬಾಯಿಪಾಠ. ಓದಲು ಬರುವವರು ಇಬ್ಬರೇ. ಆ ವೃದ್ಧೆ ಮಾತ್ರ ಸತ್ಯವೇದವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ನಾನು ಓದುವಾಗ ಸಾಲಿನ ಮೇಲೆ ಬೆರಳಿಟ್ಟಿರುತ್ತಾರೆ. ಅಕ್ಷರ ಬಾರದಿದ್ದರೂ, ಓದು ಮುಗಿಯುವ ಹೊತ್ತಿಗೆ ಅವರ ಬೆರಳು ಪುಟದ ಕೆಳಗೆ ಬಂದಿರುತ್ತದೆ. ಕೊನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತು, ಇಪ್ಪತ್ತು ರೂಪಾಯಿ ಹಾಕುತ್ತಾರೆ. ಅದರಿಂದ ಅವರಲ್ಲಿಯೇ ಯಾರಿಗಾದರೂ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಂದುಕೊಡುತ್ತೇನೆ.

ಈ ವರ್ಷ ನಮ್ಮ ಸಭೆಗೆ ಹೊಸ ಸಭಾಪಾಲಕರು ವರ್ಗವಾಗಿ ಬಂದರು. ಕಳೆದ ತಿಂಗಳು ಭಾನುವಾರದ ಆರಾಧನೆಯಲ್ಲಿ ಪ್ರಕಟಣೆಗಳನ್ನು ಓದುವಾಗ, ಕಮಿಟಿಯ ಒಪ್ಪಿಗೆ ಇಲ್ಲದೆ ನಡೆಯುವ ಮನೆಕೂಟಗಳನ್ನೆಲ್ಲ ನಿಲ್ಲಿಸಬೇಕು, ಎಲ್ಲರೂ ಬುಧವಾರ ಚರ್ಚಿನಲ್ಲಿ ನಡೆಯುವ ಪ್ರಾರ್ಥನೆಗೆ ಬರಬೇಕು ಎಂದು ಹೇಳಿದರು. ನಾಯಕರ ಮಾತು ಕೇಳಿರಿ ಎನ್ನುವ, ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದ 17ನೆಯ ವಚನವನ್ನೂ ಓದಿದರು. ಬೇರೊಂದು ಊರಿನಲ್ಲಿ ಹೀಗೆಯೇ ಶುರುವಾದ ಮನೆಕೂಟವೊಂದು ಎರಡು ವರ್ಷಗಳಲ್ಲಿ ಬೇರೆ ಬೋರ್ಡು ಹಾಕಿಕೊಂಡು ಸಭೆಯನ್ನು ಒಡೆಯಿತು ಎಂಬುದು ಅವರ ಭಯ. ಆ ಭಯ ಸುಳ್ಳು ಎಂದು ನಾನು ಹೇಳಲಾರೆ.

ನಾನು ಎರಡು ಗುರುವಾರ ಹೋಗಲಿಲ್ಲ. ಮೂರನೆಯ ಗುರುವಾರ ಕೆಲಸದಿಂದ ಬರುವಾಗ ನೋಡಿದರೆ, ಆ ವೃದ್ಧೆ ಮೊಮ್ಮಗನ ಕೈಯಿಂದ ಜಮಖಾನ ಹಾಸಿಸಿ ಬಾಗಿಲಿಗೆ ಮುಖ ಮಾಡಿ ಕುಳಿತಿದ್ದರು. “ತಮ್ಮಾ, ಬರೂ ಗುರುವಾರ ಬರ್ತಿ ಹೌದಿಲ್ಲೋ?” ಎಂದು ಕೇಳಿದರು. ನನ್ನಿಂದ ಉತ್ತರ ಬರಲಿಲ್ಲ.

ಕೂಟವನ್ನು ಮುಂದುವರಿಸಿದರೆ ಸಭೆಗೆ ಅವಿಧೇಯನಾಗುತ್ತೇನೆ, ನಿಲ್ಲಿಸಿದರೆ ಈ ತಾಯಂದಿರಿಗೆ ನಂಬಿಗಸ್ತನಾಗಿ ಉಳಿಯುವುದಿಲ್ಲ. ಎರಡೂ ದೇವರ ಆಜ್ಞೆಗಳೇ ಆಗಿರುವಾಗ ಒಂದನ್ನು ಮೀರದೆ ಇನ್ನೊಂದನ್ನು ನಡೆಸುವುದು ಹೇಗೆ? ಅನುಭವವಿರುವ ಹಿರಿಯರು ದಯವಿಟ್ಟು ತಿಳಿಸಿ.

ಉತ್ತರ: ಯಾದಗಿರಿಯ ನಿವೃತ್ತ ಶಿಕ್ಷಕ

ಸಹೋದರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಒಂದು ಮಾತು ಆ ಪತ್ರದಲ್ಲಿ ಎಲ್ಲಿಯೂ ಕಾಣಲಿಲ್ಲ. ನೀವು ಸಭಾಪಾಲಕರ ಮನೆಗೆ ಹೋಗಿ ಅವರೊಂದಿಗೆ ಕುಳಿತು ಮಾತನಾಡಿದ್ದೀರಾ? ಅವರು ವೇದಿಕೆಯ ಮೇಲಿನಿಂದ ಹೇಳಿದರು, ನೀವು ಬೆಂಚಿನ ಮೇಲೆ ಕುಳಿತು ಕೇಳಿದಿರಿ, ಆಮೇಲೆ ಗುರುತಿಲ್ಲದ ನಮ್ಮೆಲ್ಲರ ಮುಂದೆ ಬಂದು ಕೇಳುತ್ತಿದ್ದೀರಿ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಕರ್ತನು ಹಾಕಿಕೊಟ್ಟ ಕ್ರಮದಲ್ಲಿ ಮೊದಲು ನೀನು ಮತ್ತು ಅವನು ಇಬ್ಬರೇ ಇರುವಾಗ ಮಾತನಾಡಬೇಕು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಸಭೆಗೆ ತಿಳಿಸುವುದು ಅದಕ್ಕೂ ಮುಂದಿನ ಮಾತು. ಇಲ್ಲಿ ಸಭಾಪಾಲಕರು ನಿಮಗೆ ತಪ್ಪು ಮಾಡಿದ್ದಾರೆಂದು ನಾನು ಹೇಳುತ್ತಿಲ್ಲ. ಮನಸ್ಸಿಗೆ ನೋವಾದಾಗ ಹಿಡಿಯಬೇಕಾದ ದಾರಿಯನ್ನು ಮಾತ್ರ ನೆನಪಿಸುತ್ತಿದ್ದೇನೆ.

ಇನ್ನು ಇಬ್ರಿಯರಿಗೆ 13:17ರ ವಿಷಯ. ಆ ವಚನವನ್ನು ಅರ್ಧಕ್ಕೆ ನಿಲ್ಲಿಸಿ ಓದುವ ಅಭ್ಯಾಸ ನಮ್ಮಲ್ಲಿದೆ. ನಾಯಕರ ಮಾತು ಕೇಳಿರಿ ಎನ್ನುವ ಅದೇ ವಚನ, ಆ ನಾಯಕರು ನಿಮ್ಮ ಆತ್ಮಗಳ ಬಗ್ಗೆ ಲೆಕ್ಕ ಒಪ್ಪಿಸಬೇಕಾದವರು ಎಂದೂ, ಅವರು ಆ ಕೆಲಸವನ್ನು ನರಳದೆ ಸಂತೋಷದಿಂದ ಮಾಡುವಂತಾಗಬೇಕೆಂದೂ ಹೇಳುತ್ತದೆ. ಪೇತ್ರನು ತನ್ನ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಹಿರಿಯರಿಗೆ, ಮಂದೆಯ ಮೇಲೆ ದೊರೆತನ ಮಾಡದೆ ಅದಕ್ಕೆ ಮಾದರಿಯಾಗಿರಬೇಕೆಂದು ಬುದ್ಧಿ ಹೇಳುತ್ತಾನೆ. ಹೀಗಿರುವಾಗ, ತಮ್ಮ ಮಂದೆಯಲ್ಲಿ ಚರ್ಚಿನವರೆಗೆ ಬರಲಾಗದ ಒಂಬತ್ತು ಮಂದಿ ಇದ್ದಾರೆ ಎಂಬ ವಿಷಯವೇ ನಿಮ್ಮ ಸಭಾಪಾಲಕರಿಗೆ ತಿಳಿಯದೆ ಹೋದರೆ, ಅವರು ಯಾವ ಲೆಕ್ಕ ಒಪ್ಪಿಸಿಯಾರು? ತಿಳಿದವರು ನೀವು. ತಿಳಿಸಬೇಕಾದವರೂ ನೀವೇ.

ಕೊನೆಯದಾಗಿ ಆ ಬಿಸ್ಕತ್ತಿನ ಡಬ್ಬಿ. ಅದರ ಬಗ್ಗೆ ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದಿರಿ, ನಾನು ಅಲ್ಲಿಯೇ ನಿಂತೆ. ಆರು ವರ್ಷಗಳಿಂದ ಆ ಡಬ್ಬಿಗೆ ಬಂದದ್ದು ಎಷ್ಟು, ಖರ್ಚಾದದ್ದು ಎಷ್ಟು ಎಂದು ಬರೆದಿಟ್ಟಿದ್ದೀರಾ? ಪೌಲನಂಥ ಪೌಲನೇ ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಬ್ಬನೇ ಒಯ್ಯಲಿಲ್ಲ. ಯಾರೂ ತಪ್ಪು ಹೊರಿಸಬಾರದೆಂದು ತೀತನ ಜೊತೆಗೆ ಸಭೆಗಳಿಂದ ನೇಮಕವಾದ ಸಹೋದರರನ್ನು ಕಳುಹಿಸಿದ ಸಂಗತಿ 2 ಕೊರಿಂಥ 8ರಲ್ಲಿದೆ. ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಸರಿಯಾಗಿ ಕಾಣುವುದನ್ನು ಮಾಡಬೇಕೆಂಬ ಎಚ್ಚರ ಅವನಿಗಿತ್ತು.

ಉತ್ತರ: ಹುಮನಾಬಾದ್ ಕಡೆಯ ಯುವಕ

ಇಷ್ಟೊಂದು ಯೋಚಿಸುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಅಪೊಸ್ತಲರು ಹೇಳಲಿಲ್ಲವೇ? ಇಬ್ಬರು ಮೂವರು ತನ್ನ ಹೆಸರಿನಲ್ಲಿ ಕೂಡಿದಲ್ಲಿ ತಾನಿದ್ದೇನೆ ಎಂದು ಕರ್ತನೇ ಹೇಳಿರುವಾಗ ಯಾವ ಕಮಿಟಿಯ ಒಪ್ಪಿಗೆ ಬೇಕು? ಕೂಟವನ್ನು ಮುಂದುವರಿಸಿ. ಅವರು ತಡೆದರೆ ಹನ್ನೊಂದು ಜನರೇ ಒಂದು ಸಭೆ ಎಂದು ತಿಳಿಯಿರಿ.

ಉತ್ತರ: ಕಲಬುರಗಿಯ ಒಬ್ಬ ಸಹೋದರಿ

ನಾನು ಕಥೋಲಿಕ ಸಭೆಯವಳು. 2005ರಲ್ಲಿ ಗುಲ್ಬರ್ಗಾ ಧರ್ಮಕ್ಷೇತ್ರ (ಬಿಷಪ್ಪರ ಆಡಳಿತದ ಪ್ರದೇಶ) ಸ್ಥಾಪನೆಯಾದಾಗ ನಾನು ಕಾಲೇಜಿನಲ್ಲಿದ್ದೆ. ನಿಮ್ಮ ಸಭೆಯ ಆಡಳಿತದ ರೀತಿ ಬೇರೆಯಿರಬಹುದು, ಆದರೂ ನಮ್ಮಲ್ಲಿ ನಡೆಯುವುದನ್ನು ಹೇಳಿದರೆ ಉಪಯೋಗವಾದೀತು. ನಮ್ಮಲ್ಲಿ ಓಣಿಗೊಂದರಂತೆ ಕೆಲವು ಮನೆಗಳನ್ನು ಕೂಡಿಸಿ ಕಿರು ಕ್ರೈಸ್ತ ಸಮುದಾಯ ಎಂದು ಮಾಡುತ್ತಾರೆ. ಕೂಟ ಮನೆಯಲ್ಲಿಯೇ ನಡೆಯುತ್ತದೆ, ವಾಕ್ಯವನ್ನು ನಮ್ಮಂಥವರೇ ಓದುತ್ತೇವೆ, ಆದರೆ ಅದು ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನ, ಕೂಟ. ಯಾವ ಮನೆಯಲ್ಲಿ, ಯಾವ ದಿನ ಎಂಬುದು ಫಾದರ್ ಅವರಿಗೆ ಗೊತ್ತಿರುತ್ತದೆ. ಚರ್ಚಿಗೆ ಬರಲಾಗದ ರೋಗಿಗಳು ಮತ್ತು ವೃದ್ಧರಿಗೆ ಪರಮಪ್ರಸಾದವನ್ನು, ಅಂದರೆ ನೀವು ಕರ್ತನ ಭೋಜನ ಎನ್ನುವ ಪವಿತ್ರ ರೊಟ್ಟಿಯ ಪಾಲನ್ನು, ಮನೆಗೇ ಕೊಂಡೊಯ್ದು ಕೊಡುತ್ತಾರೆ. ಇದು ಹೊಸ ಪದ್ಧತಿಯೂ ಅಲ್ಲ. 2ನೆಯ ಶತಮಾನದಲ್ಲಿ ಬದುಕಿದ್ದ ರಕ್ತಸಾಕ್ಷಿ ಜಸ್ಟಿನ್, ಭಾನುವಾರದ ಆರಾಧನೆಗೆ ಬಾರದವರಿಗೆ ಸೇವಕರು ಪ್ರಸಾದದ ಪಾಲನ್ನು ಕೊಂಡೊಯ್ಯುತ್ತಿದ್ದರೆಂದು ಬರೆದಿಟ್ಟಿದ್ದಾನೆ.

ಒಂದು ವಿಷಯ ಕೇಳಬಹುದೇ? ಸೊಂಟ ಮುರಿದ ಆ ತಾಯಿ ಈ ಆರು ವರ್ಷಗಳಲ್ಲಿ ಕರ್ತನ ಭೋಜನದಲ್ಲಿ ಎಷ್ಟು ಸಲ ಪಾಲುಗೊಂಡಿದ್ದಾರೆ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಶಿಕ್ಷಕರು ಕೇಳಿದ ಎರಡೂ ಪ್ರಶ್ನೆಗಳಿಗೆ ನನ್ನ ಉತ್ತರ ಇಲ್ಲ ಎಂಬುದೇ. ಸಭಾಪಾಲಕರ ಬಳಿಗೆ ಹೋಗಿಲ್ಲ, ಡಬ್ಬಿಯ ಲೆಕ್ಕವನ್ನು ಬರೆದಿಟ್ಟಿಲ್ಲ. ದಿನವಿಡೀ ಬೇರೆಯವರ ಲೆಕ್ಕ ಬರೆಯುವ ನನಗೆ ಇದು ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಗಿದೆ. ಔಷಧಿ ಅಂಗಡಿಯ ಚೀಟಿಗಳು ಕೆಲವು ಉಳಿದಿವೆ, ಎಲ್ಲವೂ ಇಲ್ಲ.

ಸಹೋದರಿಯವರೇ, ಆ ತಾಯಿ ಬಿದ್ದ ಮೇಲೆ ಒಂದೇ ಒಂದು ಸಲ, ಹಿಂದಿನ ಸಭಾಪಾಲಕರ ಕೈಯಿಂದ ಕರ್ತನ ಭೋಜನ ತೆಗೆದುಕೊಂಡರು. ಅದು ನಾಲ್ಕು ವರ್ಷಗಳ ಹಿಂದಿನ ಮಾತು. ನೀವು ಕೇಳುವವರೆಗೆ ನಾನು ಅದನ್ನು ಎಣಿಸಿರಲಿಲ್ಲ.

ಉತ್ತರ: ಭಾಲ್ಕಿ ಕಡೆಯ ನಿವೃತ್ತ ಸಭಾಪಾಲಕ

ಪ್ರಿಯ ತಮ್ಮನಿಗೆ ವಂದನೆಗಳು. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಭೆಗಳನ್ನು ಪಾಲಿಸಿದವನು, ನಿಮ್ಮ ಸಭಾಪಾಲಕರ ಕುರ್ಚಿಯಲ್ಲಿ ಕುಳಿತವನು. ಆದುದರಿಂದ ಎರಡೂ ಕಡೆಯ ಮಾತನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಹುಮನಾಬಾದ್ ಕಡೆಯ ತಮ್ಮನಿಗೆ ಒಂದು ಮಾತು. ಅಪೊಸ್ತಲರ ಕೃತ್ಯಗಳು 5:29ರಲ್ಲಿ ಪೇತ್ರನು ಹಾಗೆ ಹೇಳಿದ್ದು, ಯೇಸುವಿನ ಹೆಸರಿನಲ್ಲಿ ಬೋಧಿಸಲೇಬಾರದೆಂದು ಕಟ್ಟಪ್ಪಣೆ ಮಾಡಿದ ಯೆಹೂದ್ಯರ ಹಿರೀಸಭೆಯ ಮುಂದೆ. ಇಲ್ಲಿ ಪ್ರಾರ್ಥನೆಯನ್ನೇ ಮಾಡಬೇಡಿರಿ ಎಂದು ಯಾರೂ ಹೇಳಿಲ್ಲ, ಒಪ್ಪಿಗೆ ಇಲ್ಲದ ಕೂಟ ಬೇಡ ಎಂದಿದ್ದಾರೆ. ಆ ಅಪ್ಪಣೆ ಕಠಿಣವೆನಿಸಬಹುದು, ದೇವರಿಗೆ ವಿರುದ್ಧವಾದ ಅಪ್ಪಣೆ ಅದಲ್ಲ. ಇಬ್ಬರು ಮೂವರು ಕೂಡುವ ವಚನವೂ ಶಿಕ್ಷಕರು ಹೇಳಿದ ಮತ್ತಾಯ 18ರದ್ದೇ. ಮುರಿದ ಸಂಬಂಧವನ್ನು ಸಭೆಯ ಒಳಗೆ ಸರಿಪಡಿಸುವ ಮಾತಿನ ನಂತರ ಬರುವಂಥದ್ದು. ಸಭೆಯಿಂದ ಹೊರಗೆ ಹೋಗುವುದಕ್ಕೆ ಅದನ್ನು ಆಧಾರವಾಗಿ ಹಿಡಿಯಬಾರದು.

ನಮ್ಮ ಬೀದರ್, ಯಾದಗಿರಿ, ಕಲಬುರಗಿ ಭಾಗದ ಅನೇಕ ಸಭೆಗಳು ಮೆಥೋಡಿಸ್ಟ್ ಮಿಷನ್ನಿನ ಸೇವೆಯಿಂದ ಹುಟ್ಟಿದವು. ನೀವು ಆ ಸಭೆಯವರೋ ಅಲ್ಲವೋ ನಾನು ಕೇಳುವುದಿಲ್ಲ. ಆದರೆ ಆ ಪರಂಪರೆಯ ಮೂಲದಲ್ಲಿಯೇ ನಿಮ್ಮ ಪ್ರಶ್ನೆ ಒಮ್ಮೆ ಎದ್ದಿತ್ತು. ಮೆಥೋಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿಯ ತಾಯಿ ಸುಸನ್ನಾ ವೆಸ್ಲಿ ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿದ್ದರು, ಅವರ ಗಂಡ ಸ್ಯಾಮುಯೆಲ್ ಅಲ್ಲಿನ ಸಭಾಪಾಲಕರು. 1712ರ ಚಳಿಗಾಲದಲ್ಲಿ ಸಭೆಯ ಕೆಲಸಕ್ಕಾಗಿ ಗಂಡ ಲಂಡನ್ನಿನಲ್ಲಿದ್ದಾಗ, ಭಾನುವಾರ ಸಂಜೆ ಆಕೆ ತಮ್ಮ ಮಕ್ಕಳನ್ನೂ ಮನೆಯ ಆಳುಗಳನ್ನೂ ಕೂಡಿಸಿಕೊಂಡು ಪ್ರಸಂಗವೊಂದನ್ನು ಓದಿ ಪ್ರಾರ್ಥನೆ ಮಾಡುತ್ತಿದ್ದರು. ನೆರೆಯವರು ತಾವೂ ಬರುತ್ತೇವೆಂದರು, ಕಡೆಗೆ ಇನ್ನೂರು ಜನರವರೆಗೆ ಸೇರತೊಡಗಿದರು. ಆಗ ಅಲ್ಲಿದ್ದ ಸಹಾಯಕ ಪಾದ್ರಿ ಇನ್‌ಮನ್ ಎಂಬವರು ದೂರು ಬರೆದರು, ಗಂಡನೂ ಕೂಟವನ್ನು ನಿಲ್ಲಿಸುವಂತೆ ಪತ್ರ ಬರೆದರು. ಸುಸನ್ನಾ ಏನು ಮಾಡಿದರು ಎಂಬುದನ್ನು ಗಮನಿಸಿ. ಕೂಟವನ್ನು ಗುಟ್ಟಾಗಿ ನಡೆಸಲಿಲ್ಲ, ಸಿಟ್ಟಿನಿಂದ ಕೈಬಿಡಲೂ ಇಲ್ಲ. ಯಾರು ಬರುತ್ತಿದ್ದಾರೆ, ಅವರಲ್ಲಿ ಎಷ್ಟು ಮಂದಿ ಮೊದಲು ಚರ್ಚಿಗೆ ಕಾಲಿಡದೆ ಈಗ ಬರತೊಡಗಿದ್ದಾರೆ ಎಂಬುದನ್ನೆಲ್ಲ ವಿವರಿಸಿ ಗಂಡನಿಗೆ ಉತ್ತರ ಬರೆದರು. ಇಷ್ಟಾದ ಮೇಲೂ ನಿಲ್ಲಿಸಬೇಕೆಂದಿದ್ದರೆ, ಅದು ನಿಮ್ಮ ಆಸೆ ಎಂದು ಹೇಳಿದರೆ ನನ್ನ ಮನಸ್ಸಾಕ್ಷಿಗೆ ಸಾಲದು, ಸ್ಪಷ್ಟವಾದ ಅಪ್ಪಣೆಯನ್ನೇ ಕಳುಹಿಸಿ, ಆಗ ಈ ಆತ್ಮಗಳಿಗೆ ಒಳ್ಳೆಯದನ್ನು ಮಾಡುವ ಅವಕಾಶ ಬಿಟ್ಟ ದೋಷ ನನ್ನ ಮೇಲೆ ಬರಬಾರದು ಎಂಬ ಅರ್ಥದಲ್ಲಿ ಬರೆದರು. ಅಪ್ಪಣೆ ಬಂದರೆ ನಡೆಯುತ್ತೇನೆ ಎಂಬ ಒಪ್ಪಿಗೆ ಅದರಲ್ಲಿದೆ. ಅಪ್ಪಣೆ ಕೊಡುವವನು ಏನನ್ನು ಹೊರಬೇಕಾಗುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿಯೇ ಇದೆ. ಆ ಮನೆಯಲ್ಲಿ ಕುಳಿತು ಕೇಳುತ್ತಿದ್ದ ಮಕ್ಕಳಲ್ಲಿ ಎಂಟು ವರ್ಷದ ಜಾನ್ ಒಬ್ಬನು.

ಮುಂದೆ ಅದೇ ಜಾನ್ ವೆಸ್ಲಿ ಸೊಸೈಟಿಗಳೆಂಬ ಭಕ್ತರ ಗುಂಪುಗಳನ್ನು ಕಟ್ಟಿದಾಗ ಮನೆಕೂಟವನ್ನು ಅವುಗಳ ಬೆನ್ನೆಲುಬನ್ನಾಗಿ ಮಾಡಿದನು. ನಮ್ಮ ಶಿಕ್ಷಕರ ಡಬ್ಬಿಯ ಮಾತಿಗೂ ಅದಕ್ಕೂ ಹತ್ತಿರದ ನಂಟಿದೆ. 1742ರಲ್ಲಿ ಬ್ರಿಸ್ಟಲ್ ನಗರದ ಕಟ್ಟಡದ ಸಾಲ ತೀರಿಸಲು ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಬೇಕೆಂದು ಗೊತ್ತುಮಾಡಿ, ಸುಮಾರು ಹನ್ನೆರಡು ಜನರಿಗೆ ಒಬ್ಬನನ್ನು ನೇಮಿಸಿದರು. ಕೊಡಲಾಗದ ಬಡವರ ಪಾಲನ್ನು ತಾನೇ ತುಂಬುತ್ತೇನೆಂದು ಒಬ್ಬ ಕ್ಯಾಪ್ಟನ್ ಮುಂದೆ ಬಂದನು. ಹಣಕ್ಕಾಗಿ ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರು ನಂಬಿಕೆಯಲ್ಲಿ ಸೋತಿದ್ದಾರೆ ಎಂಬುದೆಲ್ಲ ಕಣ್ಣಿಗೆ ಬಿತ್ತು. ಕ್ಲಾಸ್ ಮೀಟಿಂಗ್ ಎಂಬ ಪದ್ಧತಿ ಹುಟ್ಟಿದ್ದು ಹೀಗೆ. ಅಲ್ಲಿ ಪ್ರತಿಯೊಬ್ಬ ಲೀಡರ್ ತನ್ನ ಹನ್ನೆರಡು ಜನರ ಸ್ಥಿತಿಯನ್ನೂ ಹಣವನ್ನೂ ವಾರವಾರ ಬಂದು ಒಪ್ಪಿಸಬೇಕಾಗಿತ್ತು. ನಿಮ್ಮ ಕೂಟದಲ್ಲಿ ಎಲ್ಲವೂ ಇದೆ, ಈ ಒಪ್ಪಿಸುವಿಕೆ ಒಂದೇ ಇಲ್ಲ.

ಸತ್ಯವೇದದ ಅರಣ್ಯಕಾಂಡದ 11ನೆಯ ಅಧ್ಯಾಯವನ್ನೂ ಒಮ್ಮೆ ಓದಿರಿ. ಎಲ್ದಾದ್, ಮೇದಾದ್ ಎಂಬಿಬ್ಬರು ಗುಡಾರದ ಬಳಿಗೆ ಹೋಗದೆ ಪಾಳೆಯದಲ್ಲಿಯೇ ಪ್ರವಾದಿಸಿದಾಗ ಯೆಹೋಶುವನು ಅವರನ್ನು ತಡೆಯಬೇಕೆಂದನು. ಮೋಶೆ ತಡೆಯಲಿಲ್ಲ; ಯೆಹೋವನ ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟೋ ಒಳ್ಳೆಯದು ಎಂದನು. ಈ ಭಾಗದ ಮೇಲೆ ಪ್ರಸಂಗ ಮಾಡುವವರು ಹೆಚ್ಚಾಗಿ ಬಿಟ್ಟುಬಿಡುವ ಒಂದು ಸಣ್ಣ ಮಾತಿದೆ. ಆ ಇಬ್ಬರ ಹೆಸರೂ ಮೋಶೆ ಆರಿಸಿದ ಹಿರಿಯರ ಪಟ್ಟಿಯಲ್ಲಿ ಬರೆದಿತ್ತು.

ಇನ್ನು ನನ್ನ ತಪ್ಪು. ಒಂದು ಊರಿಗೆ ವರ್ಗವಾಗಿ ಹೋದ ಮೊದಲನೆಯ ವರ್ಷ ನಾನೂ ಇಂಥದೇ ಪ್ರಕಟಣೆಯನ್ನು ಓದಿದ್ದೆ. ಹೊಸ ಊರಿಗೆ ಹೋದ ಸಭಾಪಾಲಕನಿಗೆ ಮೊದಲ ತಿಂಗಳುಗಳಲ್ಲಿ ಜನರಿಗಿಂತ ಮೊದಲು ಗುಂಪುಗಳು ಕಾಣುತ್ತವೆ. ಅಲ್ಲಿ ಕೂಟ ನಡೆಸುತ್ತಿದ್ದವರು ಒಂದು ಮಾತನ್ನೂ ಆಡದೆ ವಿಧೇಯರಾಗಿ ನಿಲ್ಲಿಸಿದರು, ನನಗೆ ಸಮಾಧಾನವಾಯಿತು. ನಾಲ್ಕು ತಿಂಗಳ ಮೇಲೆ ಒಂದು ಮಣ್ಣು ಕೊಡುವ ಆರಾಧನೆಗೆ ಕರೆ ಬಂದಿತು. ಹೋಗಿ ನೋಡಿದರೆ ಆ ತಾಯಿಯ ಮುಖವನ್ನು ನಾನು ಎಂದೂ ಕಂಡಿರಲಿಲ್ಲ, ಮೆಂಬರ್‌ಶಿಪ್ ರಿಜಿಸ್ಟರಿನಲ್ಲಿ ಮಾತ್ರ ಆಕೆಯ ಹೆಸರಿತ್ತು. ಆಕೆಯ ಮನೆಗೆ ಹೋಗುತ್ತಿದ್ದದ್ದು ಆ ಕೂಟವೊಂದೇ ಎಂಬುದು ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತಾಗ ತಿಳಿಯಿತು. ಅಂದು ಒಬ್ಬರು ಬಂದು ನನ್ನ ಬಾಗಿಲು ತಟ್ಟಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಆದುದರಿಂದ ಹೋಗಿರಿ. ಒಬ್ಬರೇ ಹೋಗಿರಿ, ಮೊದಲು ಕ್ಷಮೆ ಕೇಳಿ ಲೆಕ್ಕ ಒಪ್ಪಿಸಿರಿ, ಆಮೇಲೆ ಒಂಬತ್ತು ಹೆಸರುಗಳನ್ನೂ ವಯಸ್ಸು, ಮನೆ, ಕಾಯಿಲೆಗಳ ಸಹಿತ ಒಂದು ಹಾಳೆಯ ಮೇಲೆ ಬರೆದು ಕೊಡಿರಿ. ಕಮಿಟಿ ತೀರ್ಮಾನಿಸುವವರೆಗೆ ಕೂಟ ನಡೆಸಬೇಡಿರಿ. ಆದರೆ ಆ ತಾಯಂದಿರನ್ನು ನೋಡಿ ಬರುವುದನ್ನು ಒಂದು ವಾರವೂ ಬಿಡಬೇಡಿರಿ. ರೋಗಿಗಳನ್ನು ನೋಡುವುದಕ್ಕೆ ಯಾವ ಕಮಿಟಿಯ ಒಪ್ಪಿಗೆಯೂ ಬೇಕಾಗಿಲ್ಲ.

ಪ್ರಶ್ನೆ ಕೇಳಿದವರು (ಹದಿನೈದು ದಿನಗಳ ನಂತರ)

ಶನಿವಾರ ಸಂಜೆ ಸಭಾಪಾಲಕರ ಮನೆಗೆ ಹೋದೆ. ಸಿಕ್ಕ ಚೀಟಿಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಅಂಟಿಸಿ, ಲೆಕ್ಕ ಸಿಗದ ಮೊದಲ ಎರಡು ವರ್ಷಗಳಿಗೆ ಲೆಕ್ಕ ಇಲ್ಲ ಎಂದೇ ಬರೆದು ಒಯ್ದಿದ್ದೆ. ಡಬ್ಬಿಯಲ್ಲಿದ್ದ 640 ರೂಪಾಯಿಯನ್ನೂ ಅವರ ಮೇಜಿನ ಮೇಲಿಟ್ಟೆ. ಅವರು ಹಣವನ್ನು ಮುಟ್ಟಲಿಲ್ಲ, ಹೆಸರುಗಳ ಹಾಳೆಯನ್ನು ಬಹಳ ಹೊತ್ತು ನೋಡಿದರು. ಒಂಬತ್ತರಲ್ಲಿ ಏಳು ಮಂದಿಯ ವಿಷಯ ಅವರಿಗೆ ತಿಳಿದೇ ಇರಲಿಲ್ಲ. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಗೈರುಹಾಜರಿ ಎಂದು ಬರೆದಿತ್ತು.

ಎಲ್ಲವೂ ನಾನು ಬಯಸಿದಂತೆ ಆಗಲಿಲ್ಲ. ಕೂಟ ಸಭೆಯ ಹೆಸರಿನಲ್ಲಿ ನಡೆಯಬೇಕು, ಕಾಣಿಕೆ ಖಜಾಂಚಿಯ ಕೈ ಸೇರಿ ಅಲ್ಲಿಂದ ಔಷಧಿಗೆ ಬರಬೇಕು, ವಾಕ್ಯ ಹೇಳುವುದನ್ನು ಒಂದು ವಾರ ನಾನು, ಒಂದು ವಾರ ಕಮಿಟಿಯ ಹಿರಿಯರೊಬ್ಬರು ಮಾಡಬೇಕು ಎಂದು ಕಮಿಟಿ ತೀರ್ಮಾನಿಸಿತು. ಕೊನೆಯ ಮಾತು ಕೇಳಿದಾಗ ನನಗೆ ನೋವಾಯಿತು. ಮನೆಗೆ ಬಂದು ಪ್ರಾರ್ಥನೆಗೆ ಕುಳಿತಾಗ, ಆರು ವರ್ಷಗಳಲ್ಲಿ ಆ ಕೂಟವನ್ನು ನನ್ನದೆಂದು ಎಣಿಸತೊಡಗಿದ್ದೆನೆಂಬುದು ಅರಿವಾಯಿತು. ಒಪ್ಪಿಕೊಂಡಿದ್ದೇನೆ. ತೆಲುಗು, ಮರಾಠಿ ಹಾಡುಗಳು ಇರಲಿ ಎಂದು ಸಭಾಪಾಲಕರೇ ಹೇಳಿದರು.

ಈ ಗುರುವಾರ ಅವರು ತಾವೇ ಬಂದು ಕರ್ತನ ಭೋಜನ ಕೊಡುತ್ತಾರೆ. ಆ ವೃದ್ಧೆ ಮೂರು ದಿನ ಮುಂಚೆಯೇ ಬಿಳಿ ಸೀರೆಯನ್ನು ಪೆಟ್ಟಿಗೆಯಿಂದ ತೆಗೆಸಿ ಬಿಸಿಲಿಗೆ ಹಾಕಿಸಿದ್ದಾರೆ. ಅಯ್ಯನವರೇ, ನಿಮ್ಮಲ್ಲಿ ಒಂದು ಕೇಳಬೇಕು. ಅವರಿಗೆ ಈಗ ಹಲ್ಲುಗಳಿಲ್ಲ, ಒಣಗಿದ್ದನ್ನು ನುಂಗುವಾಗ ಕೆಮ್ಮು ಬರುತ್ತದೆ. ರೊಟ್ಟಿಯನ್ನು ಹೇಗೆ ಕೊಡುವುದು?

ಉತ್ತರ: ಭಾಲ್ಕಿ ಕಡೆಯ ನಿವೃತ್ತ ಸಭಾಪಾಲಕ

ಚಿಕ್ಕ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ನಿಮ್ಮ ಸಭಾಪಾಲಕರಿಗೆ ಮೊದಲೇ ತಿಳಿಸಿರಿ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂಡಿಸಿರಿ, ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟಿರಿ.